ಟಾರ್ಚ್ ಹಿಡಿದವನಿಗೆ ಕಾಣದ ಬಂಡೆ

ಆರು ತಿಂಗಳು ಕೂತು ಮಾಡಿದ ಟಾರ್ಚನ್ನು ಮೊದಲ ಸಲ ಬಯಲಿಗೆ ಒಯ್ದ ರಾತ್ರಿ ನನಗೆ ಕಂಡಿದ್ದು ಬೆಳಕು ಮಾತ್ರ. ಕೆರೆಯ ಈ ದಂಡೆಯಲ್ಲಿ ನಾನು, ಆ ದಂಡೆಯಾಚೆ ಸುಮಾರು 600 ಮೀಟರ್ ದೂರದಲ್ಲಿ ಗುಡ್ಡದ ಬುಡಕ್ಕೆ ಒರಗಿಕೊಂಡ ಒಂದು ದೊಡ್ಡ ಬಂಡೆ. ಹಗಲಲ್ಲೇ ನೋಡಿ, ಮ್ಯಾಪಿನಲ್ಲಿ ದೂರ ಅಳೆದು, ಮೊದಲ ಬೆಳಕು ಇದಕ್ಕೇ ಬೀಳಬೇಕು ಅಂತ ಗೊತ್ತು ಮಾಡಿಟ್ಟುಕೊಂಡಿದ್ದ ಬಂಡೆ ಅದು. ಗುಂಡಿ ಒತ್ತಿದೆ. ಕೈಯಿಂದಲೇ ಎದ್ದ ಹಾಗೆ ಒಂದು ಬಿಳಿಯ ಕಂಬ ನೀರಿನ ಮೇಲೆ ಹಾದು ಕತ್ತಲೊಳಗೆ ಹೊಕ್ಕಿತು. ಕಂಬದ ತುದಿಯಲ್ಲಿ ಏನೋ ಒಂದು ಮಸುಕು. ಬಂಡೆಯೋ, ಪೊದೆಯೋ, ಬರೀ ಮಂಜೋ, ಹೇಳುವ ಹಾಗಿರಲಿಲ್ಲ. ಫೋಕಸ್ ತಪ್ಪಿರಬೇಕು ಅಂತ ತಲೆಯ ಭಾಗವನ್ನು ಕಾಲು ಸುತ್ತು ತಿರುಗಿಸಿದೆ, ಮತ್ತೆ ಹಿಂದಕ್ಕೆ ತಂದೆ. ಮಸುಕು ಮಸುಕಾಗಿಯೇ ಉಳಿಯಿತು.

ಜೊತೆಗೆ ಬಂದಿದ್ದ ಗೆಳೆಯ ಫೋನಿನಲ್ಲಿ ಮಾತಾಡುತ್ತಾ ದಂಡೆಯ ಮೇಲೆ ಮೂವತ್ತು ನಲವತ್ತು ಹೆಜ್ಜೆ ಆಚೆ ಹೋಗಿದ್ದ. ಅಲ್ಲಿಂದಲೇ ಕೂಗಿದ. "ಲೋ, ಸಖತ್ತಾಗಿ ಕಾಣ್ತಿದೆ ಕಣೋ! ಬಂಡೆ ಮಧ್ಯ ಇರೋ ಸೀಳು ಕೂಡ ಕಾಣ್ತಿದೆ." ನನಗೇನೂ ಕಾಣ್ತಿಲ್ವಲ್ಲೋ ಅಂದೆ. "ಕಣ್ಣು ಎಲ್ಲಿಟ್ಟಿದ್ದೀಯ, ತಡಿ ಬಂದೆ" ಅಂತ ಓಡಿಬಂದು ನನ್ನ ಪಕ್ಕ ನಿಂತು, ಕೈ ಚಾಚಿ ತೋರಿಸಲು ಹೋದವನು ಸುಮ್ಮನಾದ. "ಈಗ ತಾನೇ ಇತ್ತಲ್ಲೋ" ಎಂದು ಕಣ್ಣುಜ್ಜಿಕೊಂಡ. ನನ್ನ ಸಮಾಧಾನಕ್ಕೆ ಹೇಳಿದನೇನೋ ಅಂದುಕೊಂಡು ನಾನೂ ಮಾತು ಬೆಳೆಸಲಿಲ್ಲ. ಟಾರ್ಚ್ ಆರಿಸಿ ಚೀಲಕ್ಕೆ ಹಾಕಿಕೊಂಡು ಬಂದೆವು.

ಆದರೆ ಆ ಮಾತು ವಾರಗಟ್ಟಲೆ ಕೊರೆಯಿತು. ಬೆಳಕು ಅಲ್ಲಿಗೆ ಮುಟ್ಟಿದೆ ಅಂತ ಲೆಕ್ಕ ಹೇಳುತ್ತಿತ್ತು, ಗೆಳೆಯನ ಕಣ್ಣು ಹೇಳಿತ್ತು. ನನ್ನ ಕಣ್ಣಿಗೆ ಮಾತ್ರ ವಾಪಸ್ ಬಂದಿರಲಿಲ್ಲ. ಇಷ್ಟು ದಿನ ನಾನು ಯೋಚಿಸಿದ್ದೆಲ್ಲ ಬೆಳಕನ್ನು ಕಳಿಸುವುದರ ಬಗ್ಗೆ. ಅದು ತಿರುಗಿ ಬರುವ ದಾರಿಯ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ಚದರ ಮಿಲಿಮೀಟರ್

ದೂರ ಹೋಗುವ ಟಾರ್ಚ್ ಮಾಡಬೇಕು ಅಂತ ಹೊರಟವರೆಲ್ಲ ಮೊದಲು ಬೀಳುವ ಗುಂಡಿಗೇ ನಾನೂ ಬಿದ್ದಿದ್ದೆ. ಹೆಚ್ಚು ಬೆಳಕಿದ್ದರೆ ಹೆಚ್ಚು ದೂರ ಅಂದುಕೊಂಡು ಹನ್ನೆರಡು ಎಲ್‌ಇಡಿ ಜೋಡಿಸಿ 3,000 ಲ್ಯೂಮೆನ್ ಬರುವಂಥದ್ದೊಂದನ್ನು ಮಾಡಿದೆ. ಅಂಗಳವೆಲ್ಲ ಹಗಲಾಯಿತು. ನೂರೈವತ್ತು ಮೀಟರ್ ಆಚೆಗಿನ ಮರ ಕತ್ತಲಲ್ಲೇ ಉಳಿಯಿತು. ಈಗ ನನ್ನ ಕೈಯಲ್ಲಿರುವುದು ಹೊರಗೆ ಬಿಡುವುದು 120 ಲ್ಯೂಮೆನ್ನಿನ ಆಸುಪಾಸು ಮಾತ್ರ, ಆದರೆ ಲೆಕ್ಕದ ಪ್ರಕಾರ ಒಂದೂವರೆ ಕಿಲೋಮೀಟರ್ ದಾಟುತ್ತದೆ. ಈ ಎರಡರ ನಡುವಿನ ಅಂತರ ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಲ್ಯೂಮೆನ್ ಅಂದರೆ ಒಟ್ಟು ಬೆಳಕು. ದೂರವನ್ನು ನಿರ್ಧರಿಸುವುದು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿಗೆ ಎಷ್ಟು ತೀವ್ರವಾಗಿ ಹೋಗುತ್ತಿದೆ ಅನ್ನುವುದು. ಆ ಕ್ಯಾಂಡೆಲಾ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದರೆ ಕೊನೆಗೆ ಎರಡೇ ಸಂಗತಿ ಉಳಿಯುತ್ತವೆ. ಬೆಳಗುವ ಮೇಲ್ಮೈಯ ಹೊಳಪು ಒಂದು ಚದರ ಮಿಲಿಮೀಟರಿಗೆ ಎಷ್ಟು, ಮತ್ತು ಎದುರಿಗಿಟ್ಟ ಲೆನ್ಸಿನ ವಿಸ್ತೀರ್ಣ ಎಷ್ಟು. ಇವೆರಡನ್ನು ಗುಣಿಸಿ, ಗಾಜಿನಲ್ಲಿ ನಷ್ಟವಾದದ್ದನ್ನು ಕಳೆದರೆ ಮುಗಿಯಿತು. ಹನ್ನೆರಡು ಎಲ್‌ಇಡಿ ಇಟ್ಟರೂ ಪ್ರತಿ ಚದರ ಮಿಲಿಮೀಟರಿನ ಹೊಳಪು ಒಂದಿಷ್ಟೂ ಏರುವುದಿಲ್ಲ, ಬೆಳಗುವ ಜಾಗ ದೊಡ್ಡದಾಗುತ್ತದೆ ಅಷ್ಟೆ. ಬೆಳಕನ್ನು ಹೊರಗೆ ಕಳಿಸುವ ಯಾವ ಲೆನ್ಸೂ, ಯಾವ ಕನ್ನಡಿಯೂ ಮೂಲದ ಹೊಳಪನ್ನು ಹೆಚ್ಚು ಮಾಡಲಾರದು. ಆ ಹೊಳಪಿನಿಂದ ತನ್ನ ಮುಖವನ್ನು ಪೂರ್ತಿ ತುಂಬಿಕೊಳ್ಳುವುದಷ್ಟೇ ಲೆನ್ಸಿಗೆ ಸಾಧ್ಯ. ಫೋಕಸ್ ಸರಿಯಿದೆಯೇ ಅಂತ ನೋಡಲು ನಾನು ಮಾಡುವುದೂ ಇದನ್ನೇ. ಕರೆಂಟನ್ನು ತೀರಾ ಕಡಿಮೆ ಮಾಡಿ, ದೂರ ಹೋಗಿ ನಿಂತು, ಕಪ್ಪು ಗಾಜಿನ ಮೂಲಕ ಲೆನ್ಸನ್ನು ನೋಡುತ್ತೇನೆ. ಅಂಚಿನ ತನಕ ಒಂದೇ ಸಮ ಬೆಳಗಿದ್ದರೆ ಸರಿ. ಸುತ್ತ ಕಪ್ಪು ಬಳೆ ಕಂಡರೆ ಎಲ್‌ಇಡಿ ಒಂದು ಕೂದಲು ಹಿಂದೆಯೋ ಮುಂದೆಯೋ ಇದೆ.

ಈಗಿನ ನನ್ನ ಟಾರ್ಚಿನ ಎಲ್‌ಇಡಿ ಚಪ್ಪಟೆಯದು, ಮೇಲೆ ಸಿಲಿಕೋನಿನ ಗುಮ್ಮಟ ಇಲ್ಲದ್ದು. ಬೆಳಗುವ ಚೌಕ ಒಂದು ಮಿಲಿಮೀಟರಿಗೆ ಒಂದು ಮಿಲಿಮೀಟರ್, ಹೊಳಪು ಚದರ ಮಿಲಿಮೀಟರಿಗೆ ಸುಮಾರು 200 ಕ್ಯಾಂಡೆಲಾ. ಇಂಥವು ಬರುವ ಮೊದಲು ಹವ್ಯಾಸಿಗಳು ಗುಮ್ಮಟದ ಎಲ್‌ಇಡಿಯನ್ನೇ ಪೆಟ್ರೋಲಿನಲ್ಲಿ ನೆನೆಹಾಕಿ ಗುಮ್ಮಟ ಕಳಚುತ್ತಿದ್ದರು. ಗುಮ್ಮಟ ಭೂತಗನ್ನಡಿಯ ಹಾಗೆ ಚೌಕವನ್ನು ಹಿಗ್ಗಿಸಿ ತೋರಿಸುತ್ತದೆ. ಅದನ್ನು ತೆಗೆದರೆ ಒಟ್ಟು ಬೆಳಕು ಕುಗ್ಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಆದರೆ ಹೊಳಪು ಏರುತ್ತದೆ. ನಾನೂ ನಾಲ್ಕು ಎಲ್‌ಇಡಿ ಹಾಗೆ ಕಳಚಲು ಹೋಗಿ ಮೂರರ ಸೂಜಿಗಿಂತ ಸಣ್ಣ ತಂತಿಗಳನ್ನು ಹರಿದಿದ್ದೇನೆ.

ಲೆನ್ಸ್ 75 ಮಿಲಿಮೀಟರ್ ವ್ಯಾಸದ ಆಸ್ಫೆರಿಕ್, ಅಂದರೆ ಉಬ್ಬು ಪೂರ್ತಿ ಗೋಳದ ಆಕಾರದಲ್ಲಿರದ್ದು. ಸಂಗಮ ದೂರವೂ, ಅಂದರೆ ಲೆನ್ಸಿನಿಂದ ಬೆಳಕು ಒಂದುಗೂಡುವ ಬಿಂದುವಿನ ತನಕದ ದೂರವೂ, ಹೆಚ್ಚುಕಡಿಮೆ 75. ವಿಸ್ತೀರ್ಣ 4,400 ಚದರ ಮಿಲಿಮೀಟರಿಗಿಂತ ಸ್ವಲ್ಪ ಮೇಲೆ. ಲೇಪನವಿಲ್ಲದ ಗಾಜು ಒಂದೊಂದು ಮುಖದಲ್ಲಿ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಎಲ್ಲ ಕಳೆದು ಎಂಟು ಲಕ್ಷ ಕ್ಯಾಂಡೆಲಾ ಹತ್ತಿರ ಬರಬೇಕಿತ್ತು. ಉದ್ದನೆಯ ಪಡಸಾಲೆಯಲ್ಲಿ 10 ಮೀಟರ್ ದೂರಕ್ಕೆ ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಸಾಧನ) ಇಟ್ಟು ಅಳೆದಾಗ 6,800 ಲಕ್ಸ್ ತೋರಿಸಿತು. ದೂರದ ವರ್ಗದಿಂದ ಗುಣಿಸಿದರೆ 6,80,000 ಕ್ಯಾಂಡೆಲಾ. ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಲೆಕ್ಕ ಹಾಕುವಾಗ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. ಸಂಗಮ ದೂರ ಹೆಚ್ಚಿಸಿದರೆ ಬೆಳಕು ಇನ್ನೂ ದೂರ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ದೂರದಲ್ಲಿ ಬೀಳುವ ಚೌಕ ಚಿಕ್ಕದಾಗುತ್ತದೆ, ಆ ಚೌಕದ ಒಳಗಿನ ತೀವ್ರತೆ ಅಷ್ಟೇ ಇರುತ್ತದೆ. ಲೆನ್ಸ್ ದೂರ ಸರಿದಷ್ಟೂ ಎಲ್‌ಇಡಿಯ ಬೆಳಕಿನಲ್ಲಿ ಅದು ಹಿಡಿಯುವ ಪಾಲು ಕಡಿಮೆಯಾಗುತ್ತದೆ. ನನ್ನ ಲೆನ್ಸ್ ಹಿಡಿಯುವುದು ಕಾಲು ಭಾಗಕ್ಕಿಂತ ಹೆಚ್ಚಿಲ್ಲ. ಉಳಿದ ಮುಕ್ಕಾಲು ಕೊಳವೆಯ ಒಳಗೋಡೆಗೆ ಬಡಿದು ಶಾಖವಾಗುತ್ತದೆ. ಅದು ಅಡ್ಡಾದಿಡ್ಡಿ ಹೊರಬರಬಾರದು ಅಂತ ಒಳಗೆ ಮ್ಯಾಟ್ ಕಪ್ಪು ಬಣ್ಣವನ್ನೂ ಹೊಡೆಯಬೇಕು. ಅಷ್ಟು ಕಷ್ಟಪಟ್ಟು ಹುಟ್ಟಿಸಿದ ಬೆಳಕನ್ನು ನುಂಗಲೆಂದೇ ಬಣ್ಣ ಹೊಡೆಯುವಾಗ ಮೊದಲ ಸಲ ಕೈ ಹಿಂಜರಿದಿತ್ತು. ಇದನ್ನು ಉಳಿಸಲು ಒಂದು ಉಪಾಯ ಇದೆ. ಎಲ್‌ಇಡಿಯ ಸುತ್ತ ಗೋಳದ ಆಕಾರದ ಕನ್ನಡಿಯ ಪಟ್ಟಿ ಇಟ್ಟು, ಲೆನ್ಸಿಗೆ ಸಿಗದ ಬೆಳಕನ್ನು ತಿರುಗಿ ಎಲ್‌ಇಡಿಯ ಮೇಲೇ ಬೀಳಿಸುವುದು. ಆಗ ಚೌಕದ ಹೊಳಪೇ ಏರುತ್ತದೆ. ಅಂಥ ಪಟ್ಟಿಯನ್ನು ಕಡೆದು ಪಾಲಿಶ್ ಮಾಡುವಷ್ಟು ನನ್ನ ಕೈ ಪಳಗಿಲ್ಲ. ಮುಂದಿನ ಚಳಿಗಾಲಕ್ಕೆ ಅದೇ ಕೆಲಸ.

ಹಳೆಯ ದೀಪಗಳಿಗೂ ಇದೇ ಲೆಕ್ಕ ಕೂರುತ್ತದೆ. ಎಣ್ಣೆ ದೀಪದ ಜ್ವಾಲೆಯ ಹೊಳಪು ಬಹಳ ಕಡಿಮೆ, ಹಾಗಾಗಿ ಲೈಟ್‌ಹೌಸ್‌ಗಳು ವಿಸ್ತೀರ್ಣದಿಂದಲೇ ಗೆಲ್ಲಬೇಕಿತ್ತು. 1823ರಲ್ಲಿ ಫ್ರಾನ್ಸಿನ ಕೋರ್ದುವಾನ್ ಲೈಟ್‌ಹೌಸಿನಲ್ಲಿ ಅಗಸ್ಟಿನ್ ಫ್ರೆನೆಲ್ ತನ್ನ ಮೆಟ್ಟಿಲು ಮೆಟ್ಟಿಲಾದ ಲೆನ್ಸನ್ನು ಕೂರಿಸಿದ್ದು ಅದಕ್ಕೇ. ಅಷ್ಟು ದೊಡ್ಡ ಗಾಜನ್ನು ಇಡಿಯಾಗಿ ಎರೆದು ಎತ್ತಿ ಕೂರಿಸುವುದು ಆಗದ ಮಾತು. ಎರಡನೇ ಮಹಾಯುದ್ಧದಲ್ಲಿ ವಿಮಾನ ಹುಡುಕುತ್ತಿದ್ದ ಅಮೆರಿಕದ 60 ಇಂಚಿನ ಸರ್ಚ್‌ಲೈಟುಗಳ ಬಲ 80 ಕೋಟಿ ಕ್ಯಾಂಡಲ್‌ಪವರ್ (ಹೆಚ್ಚುಕಡಿಮೆ ಅಷ್ಟೇ ಕ್ಯಾಂಡೆಲಾ) ಎಂದು ದಾಖಲೆ ಇದೆ. ಅದನ್ನು ಕನ್ನಡಿಯ ವಿಸ್ತೀರ್ಣದಿಂದ ಭಾಗಿಸಿ ನೋಡಿದೆ. ಚದರ ಮಿಲಿಮೀಟರಿಗೆ 440ರ ಹತ್ತಿರ ಬಂತು. ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಜನರೇಟರ್ ಕಟ್ಟಿಕೊಂಡು ಓಡಾಡುತ್ತಿದ್ದ ಆ ಸರ್ಚ್‌ಲೈಟಿನ ಕಾರ್ಬನ್ ಆರ್ಕಿನ (ಇಂಗಾಲದ ಕಡ್ಡಿಗಳ ನಡುವೆ ಉರಿಯುವ ವಿದ್ಯುತ್ ಕಿಡಿಯ) ಹೊಳಪು ನನ್ನ ಈ ಸಾಸಿವೆಯಷ್ಟು ಎಲ್‌ಇಡಿಯ ಎರಡರಷ್ಟಕ್ಕಿಂತ ತುಸು ಹೆಚ್ಚು! ಉಳಿದ ಬಲವೆಲ್ಲ ಒಂದೂವರೆ ಮೀಟರ್ ಕನ್ನಡಿಯದು. ಆ ದಿನ ಲೆಕ್ಕದ ಹಾಳೆ ಹಿಡಿದುಕೊಂಡು ಮನೆಯವರಿಗೆಲ್ಲ ತೋರಿಸಿದೆ.

ಲೇತ್ ಮುಂದೆ

ಲೆನ್ಸು, ಎಲ್‌ಇಡಿ, ರೀಚಾರ್ಜ್ ಮಾಡುವ 21700 ಬ್ಯಾಟರಿ, ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಡ್ರೈವರ್ ಬೋರ್ಡು ಎಲ್ಲವನ್ನೂ ಕೊಂಡು ತರಬಹುದು. ಇವನ್ನು ಒಂದೇ ಗೆರೆಯಲ್ಲಿ, ಒಂದಕ್ಕೊಂದು ಅಲುಗದ ಹಾಗೆ ಹಿಡಿದಿಡುವ ಲೋಹದ ಮೈಯನ್ನು ಮಾತ್ರ ಕೈಯಾರೆ ಕಡೆಯಬೇಕು. ಟಾರ್ಚ್ ಮಾಡುವುದು ಅಂದರೆ ನನ್ನ ಮಟ್ಟಿಗೆ ಅದೇ. ನನ್ನದು ಮೇಜಿನ ಮೇಲೆ ಕೂರುವ ಸಣ್ಣ ಲೇತ್. ಅದರಲ್ಲಿ ಮೊದಲ ಪಾಠ ಹೇಳಿಕೊಟ್ಟವರು ವಯಸ್ಸಾದ ಒಬ್ಬ ಟರ್ನರ್, ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಟೂಲಿನ ತುದಿ ಕೇಂದ್ರದ ಎತ್ತರಕ್ಕೆ ಸರಿಯಾಗಿ ಕೂತಿದೆಯೇ ಅಂತ ನೋಡಲು ಅವರು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ತುಂಡಿನ ಮುಖವನ್ನು ಒಮ್ಮೆ ಸಮತಟ್ಟಾಗಿ ಕಡೆದು ನಡುವೆ ಉಳಿದ ಸಣ್ಣ ಮೊಳಕೆಯನ್ನು ಉಗುರಿನಿಂದ ಸವರಿ, "ಮೇಲಿದೆ, ಒಂದು ಪೇಪರಿನಷ್ಟು ಇಳಿಸಪ್ಪ" ಅನ್ನುತ್ತಿದ್ದರು.

ಲೆನ್ಸ್ ಕೂರುವ ತಲೆಯ ಭಾಗ ಅಲ್ಯೂಮಿನಿಯಂ. ಅದರೊಳಗೆ ಲೆನ್ಸ್ ಕೂರಲು ಒಂದು ಮೆಟ್ಟಿಲು, ಮುಂದಿನಿಂದ ಹಿಡಿಯಲು ಥ್ರೆಡ್ ಇರುವ ಒಂದು ಬಳೆ. ಗಾಜಿಗೂ ಲೋಹಕ್ಕೂ ನಡುವೆ 0.2 ಮಿಲಿಮೀಟರ್ ಸಡಿಲು ಬಿಡುತ್ತೇನೆ. ಚಳಿಯಲ್ಲಿ ಅಲ್ಯೂಮಿನಿಯಂ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ, ಬಿಗಿಯಾಗಿ ಕೂರಿಸಿದರೆ ಗಾಜಿನ ಅಂಚು ಚಕ್ಕೆ ಏಳುತ್ತದೆ. ಬಳೆಗೂ ಗಾಜಿಗೂ ನಡುವೆ ರಬ್ಬರಿನ ಓ-ರಿಂಗ್ ಇಡಲೇಬೇಕು.

ಒಳಗಿನ ಥ್ರೆಡ್ ಕೊರೆಯುವುದೇ ನನಗೆ ಎಲ್ಲಕ್ಕಿಂತ ಕಷ್ಟದ್ದು. ಹೊರಗಿನ ಥ್ರೆಡ್ಡಾದರೆ ಟೂಲು ಕಣ್ಣಿಗೆ ಕಾಣುತ್ತದೆ. ಒಳಗಿನದು ಕೊಳವೆಯ ಕತ್ತಲಲ್ಲಿ, ಉದ್ದನೆಯ ಬೋರಿಂಗ್ ಬಾರಿನ ತುದಿಯಲ್ಲಿ, ಮೆಟ್ಟಿಲಿಗೆ ಬಡಿಯುವ ಮೊದಲು ನಿಲ್ಲಿಸಬೇಕು. ಒಂದು ಮಿಲಿಮೀಟರ್ ಪಿಚ್ಚಿನ ಥ್ರೆಡ್ಡಿಗೆ ಆಳ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೊದಲ ಸಲಕ್ಕೆ 0.1, ಆಮೇಲೆ 0.05, ಕೊನೆಕೊನೆಗೆ 0.02, ಹೀಗೆ ಹತ್ತು ಹನ್ನೆರಡು ಸಲ ಒಂದೇ ಗೆರೆಯಲ್ಲಿ ಹೋಗಿ ಬರಬೇಕು. ಟೂಲನ್ನು ಸಾಗಿಸುವ ತಿರುಪಿಗೆ ಕಚ್ಚಿಕೊಂಡ ಹಾಫ್‌ನಟ್ ಬಿಡುವಂತಿಲ್ಲ, ಟೂಲ್ ಹಿಂದೆಳೆದು ಮೋಟರನ್ನು ಉಲ್ಟಾ ತಿರುಗಿಸಿಕೊಂಡು ಶುರುವಿನ ಜಾಗಕ್ಕೆ ಬರಬೇಕು. ಕೊನೆಯ ಎರಡು ಸುತ್ತನ್ನು ನಾನು ಮೋಟರ್ ಆರಿಸಿ, ತುಂಡನ್ನು ಹಿಡಿದಿರುವ ಚಕ್ಕನ್ನು ಕೈಯಿಂದಲೇ ತಿರುಗಿಸುತ್ತೇನೆ. ಸೀಮೆಎಣ್ಣೆ ಸವರಿದ ಅಲ್ಯೂಮಿನಿಯಂ ಸರಿಯಾಗಿ ಕಡಿಯುತ್ತಿದ್ದರೆ ಒಂದು ಮೆತ್ತನೆಯ ಸುಯ್ ಶಬ್ದ ಬರುತ್ತದೆ, ಸುರುಳಿ ಬೆಳ್ಳಿಯ ದಾರದ ಹಾಗೆ ಹೊರಬರುತ್ತದೆ. ಟೂಲಿನ ತುದಿಗೆ ಲೋಹ ಮೆತ್ತಿಕೊಂಡ ಕೂಡಲೇ ಶಬ್ದ ಒರಟಾಗುತ್ತದೆ. ಆಗ ನಿಲ್ಲಿಸಿ ಒರೆಸಲೇಬೇಕು. ಇನ್ನೊಂದು ಸಲ ನೋಡೋಣ ಅಂತ ಬಿಟ್ಟರೆ ಥ್ರೆಡ್ಡಿನ ನೆತ್ತಿ ಹರಿದುಹೋಗುತ್ತದೆ.

ನನ್ನ ಮೊದಲ ತಲೆಭಾಗ ಹೋಗಿದ್ದು ಥ್ರೆಡ್ ಹರಿದಲ್ಲ, ಕಚ್ಚಿಕೊಂಡು. ತಲೆಯೂ ಅಲ್ಯೂಮಿನಿಯಂ, ಬಳೆಯೂ ಅಲ್ಯೂಮಿನಿಯಂ, ಎರಡಕ್ಕೂ ಲೇಪನವಿಲ್ಲ, ಗ್ರೀಸ್ ಹಾಕಿರಲಿಲ್ಲ. ಮೂರನೇ ಸಲ ತಿರುಗಿಸುವಾಗ ಅರ್ಧದಲ್ಲಿ ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬಿಸಿ ಮಾಡಿದೆ, ಎಣ್ಣೆ ಬಿಟ್ಟೆ, ಪಟ್ಟಿ ಸುತ್ತಿ ಎಳೆದೆ. ಮೇಷ್ಟ್ರ ಹತ್ತಿರ ಒಯ್ದಾಗ ಅವರು ತಿರುವಿ ಮುರುವಿ ನೋಡಿ, ಬಲ ಹಾಕುವ ಗೋಜಿಗೇ ಹೋಗಲಿಲ್ಲ. "ಎರಡೂ ಒಂದೇ ಲೋಹ, ಒಂದಾಗ್ಬಿಟ್ಟಿವೆ. ಇನ್ನು ಇದು ಎರಡಲ್ಲ, ಒಂದೇ ಸಾಮಾನು" ಅಂದರು. ಆಮೇಲೆ ತಮ್ಮ ಡಬ್ಬಿಯಿಂದ ಒಂದು ತುಂಡು ಹಿತ್ತಾಳೆ ತೆಗೆದು ಕೊಟ್ಟರು. ಅವತ್ತಿನಿಂದ ನನ್ನ ಬಳೆಗಳೆಲ್ಲ ಹಿತ್ತಾಳೆಯವು, ಥ್ರೆಡ್ಡಿಗೆ ಸಿಲಿಕೋನ್ ಗ್ರೀಸ್. ಆ ಒಂದಾದ ಸಾಮಾನು ಲೇತ್ ಪಕ್ಕ ಇಟ್ಟಿದ್ದೇನೆ, ಲೆನ್ಸ್ ಇನ್ನೂ ಅದರೊಳಗೇ ಇದೆ.

ಎಲ್‌ಇಡಿ ಕೂರುವ ಜಾಗಕ್ಕೆ ತಾಮ್ರದ ದಪ್ಪ ಬಿಲ್ಲೆ. ಒಂದು ಚದರ ಮಿಲಿಮೀಟರಿಗೆ 5 ಆಂಪಿಯರ್ ಹತ್ತಿರ ಹರಿಸಿದಾಗ ಹುಟ್ಟುವ ಶಾಖವನ್ನು ಕ್ಷಣದಲ್ಲಿ ಹರಡಿಬಿಡಬೇಕು, ಇಲ್ಲದಿದ್ದರೆ ಕರೆಂಟ್ ಏರಿಸಿದಷ್ಟೂ ಹೊಳಪು ಇಳಿಯುತ್ತಾ ಹೋಗುತ್ತದೆ. ಟಾರ್ಚಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕಿಂತ ತಾಮ್ರ ಎರಡರಷ್ಟಕ್ಕೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಕಡೆಯಲು ಮಾತ್ರ ತಾಮ್ರ ಬಹಳ ಹಟಮಾರಿ, ಅಂಟಂಟು.

ಮೊದಲ ಸಲ ಎಲ್ಲವನ್ನೂ ಜೋಡಿಸಿ ಗೋಡೆಗೆ ಬಿಟ್ಟಾಗ ಚೌಕ ಕೊಳವೆ ತೋರಿಸಿದ ಕಡೆ ಬೀಳದೆ ಎಡಕ್ಕೆ ಸರಿದಿತ್ತು. ಬೆಳಕಿನ ಕಂಬವೆಂದರೆ ಎಲ್‌ಇಡಿಯ ಚೌಕದ್ದೇ ದೊಡ್ಡ ಬಿಂಬ. ಬೆಸುಗೆ ಹಾಕುವಾಗ ಬೋರ್ಡು 0.6 ಮಿಲಿಮೀಟರ್ ಸರಿದಿದ್ದರೆ, 75 ಮಿಲಿಮೀಟರ್ ಸಂಗಮ ದೂರದಲ್ಲಿ ಅದು 600 ಮೀಟರಿಗೆ ಸುಮಾರು 5 ಮೀಟರ್ ಆಗುತ್ತದೆ. ಕಣ್ಣಿಗೆ ಕಾಣದ ತಪ್ಪು ದೂರದಲ್ಲಿ ಒಂದು ಮರದ ಅಗಲ ಆಗಿಬಿಡುತ್ತದೆ! ಕೆಲಸಕ್ಕೆ ಅಡ್ಡಿಯೇನಿಲ್ಲ, ಕೈ ಸ್ವಲ್ಪ ಬಲಕ್ಕೆ ತಿರುಗಿಸಿದರೆ ಆಯಿತು. ಆದರೂ ನನಗೆ ನಿದ್ದೆ ಬರಲಿಲ್ಲ. ಮರುದಿನ ನೈಲಾನ್ ಸರಳಿನಿಂದ ಒಂದು ತೆಳುವಾದ ಬಳೆ ಕಡೆದು, ನಡುವೆ ಎಲ್‌ಇಡಿಗೆ ಸರಿಯಾಗಿ ಕೂರುವ ಚೌಕ ರಂಧ್ರವನ್ನು ಸಣ್ಣ ಅರದಿಂದ ಉಜ್ಜಿ ಮಾಡಿದೆ. ಮೂರು ಗಂಟೆಯ ಕೆಲಸ. ಸಂಜೆ ಚೌಕ ಗೋಡೆಯ ಗುರುತಿನ ಮೇಲೇ ಬಿತ್ತು.

ಕಿಟಕಿ ಪಕ್ಕದ ಮಧ್ಯಾಹ್ನ

ಇಂಥ ಟಾರ್ಚ್ ಮಾಡುವ ಯಾರಿಗಾದರೂ ನಾನು ಮೊದಲು ಹೇಳುವುದು ಮುಚ್ಚಳದ ಬಗ್ಗೆ. ಒಂದು ಮಧ್ಯಾಹ್ನ ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಬಿಸಿಲಿನ ಕಡೆಗೆ ಓರೆಯಾಗಿ ಒರಗಿಸಿಟ್ಟು ಊಟಕ್ಕೆ ಹೋಗಿದ್ದೆ. ತಿರುಗಿ ಬಂದಾಗ ಕೋಣೆಯಲ್ಲಿ ಪ್ಲಾಸ್ಟಿಕ್ ಸುಟ್ಟ ಸಣ್ಣ ವಾಸನೆ. ಟಾರ್ಚ್ ಆರಿತ್ತು, ಬ್ಯಾಟರಿಯೂ ಒಳಗಿರಲಿಲ್ಲ. ಲೆನ್ಸಿನಿಂದ ಒಂದು ನೂಲಿನಷ್ಟು ಹೊಗೆ ಏಳುತ್ತಿತ್ತು. ಬಿಸಿಲು ಲೆನ್ಸಿನೊಳಕ್ಕೆ ನೇರವಾಗಿ ಇಳಿದಿತ್ತು. ಬೆಳಕು ಹೊರಗೆ ಹೋಗುವ ದಾರಿಯೇ ಒಳಗೆ ಬರುವ ದಾರಿಯೂ ಹೌದು. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿಯಷ್ಟು, 75 ಮಿಲಿಮೀಟರ್ ಸಂಗಮ ದೂರದ ಲೆನ್ಸಿನಲ್ಲಿ ಅದರ ಬಿಂಬ 0.7 ಮಿಲಿಮೀಟರ್. ಎಲ್‌ಇಡಿಯ ಚೌಕದ ಒಳಗೆ ಅಳತೆ ತೆಗೆದು ಮಾಡಿದ ಹಾಗೆ ಕೂರುತ್ತದೆ. ನಾಲ್ಕು ವ್ಯಾಟಿಗೂ ಹೆಚ್ಚು ಬಿಸಿಲು ಆ ಚುಕ್ಕೆಯ ಮೇಲೆ. ಸೂರ್ಯನ ಹೊಳಪು ಚದರ ಮಿಲಿಮೀಟರಿಗೆ ಸುಮಾರು 1,600 ಕ್ಯಾಂಡೆಲಾ, ನನ್ನ ಎಲ್‌ಇಡಿಯ ಎಂಟರಷ್ಟು.

ಬಿಚ್ಚಿ ನೋಡಿದರೆ ಹಳದಿ ಚೌಕದ ಅಂಚಿಗೆ, ನೈಲಾನ್ ಬಳೆಯ ಮೇಲೆ, ಒಂದು ಕಂದು ಬಾಲ. ಬಿಸಿಲು ಸರಿದ ಹಾಗೆ ಚುಕ್ಕೆ ಚೌಕವನ್ನು ದಾಟಿ ಬಳೆಗೆ ಹೋಗಿತ್ತು. ಎಲ್‌ಇಡಿ ಬೆಳಗಿತು, ಆದರೆ ಗೋಡೆಯ ಮೇಲೆ ಬಿದ್ದ ಚೌಕದಲ್ಲಿ ಒಂದು ಮೂಲೆ ಕಪ್ಪು. ನೂರು ಮೀಟರ್ ದೂರದ ಗೋಡೆಯ ಮೇಲೂ ಆ ಮೂಲೆ ಕಪ್ಪಾಗಿಯೇ ಇತ್ತು, ಈಗ ಒಂದು ಊಟದ ತಟ್ಟೆಯಷ್ಟು ದೊಡ್ಡದಾಗಿ ಮಾತ್ರ. ಕಾಗದ, ಬಟ್ಟೆ ಇದ್ದ ಮೇಜು ಅದು. ಬಳೆಗೆ ಬೆಂಕಿ ಹೊತ್ತಿ ಅವುಗಳಿಗೆ ತಗುಲಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಹೊಸ ಎಲ್‌ಇಡಿ ಹಾಕಿದೆ, ಹೊಸ ಬಳೆ ಕಡೆದೆ. ಮುಚ್ಚಳವನ್ನು ಒಂದು ದಾರದಿಂದ ಟಾರ್ಚಿಗೇ ಕಟ್ಟಿದ್ದೇನೆ.

ಮೂವತ್ತು ಹೆಜ್ಜೆ ಆಚೆ

ಒಳಗೆ ಬರುವ ದಾರಿ ಅಂತ ಯೋಚಿಸತೊಡಗಿದ ಮೇಲೇ ಕೆರೆಯ ರಾತ್ರಿಯ ಗಂಟು ಬಿಚ್ಚಿಕೊಂಡಿದ್ದು.

ಟಾರ್ಚ್ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ 2009ರಲ್ಲಿ ಬಂದ ಅಮೆರಿಕದ ಆನ್ಸಿ ಎಫ್‌ಎಲ್ 1 ಮಾನದಂಡ ಒಂದು ಅರ್ಥ ಕೊಟ್ಟಿದೆ. ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ಅದರ ದೂರ. ಅಂದರೆ ಹೆಚ್ಚುಕಡಿಮೆ ತಿಳಿಯಾದ ಹುಣ್ಣಿಮೆಯ ಬೆಳದಿಂಗಳು. ಕ್ಯಾಂಡೆಲಾದ ವರ್ಗಮೂಲಕ್ಕೆ ಎರಡರಿಂದ ಗುಣಿಸಿದರೆ ಆ ಸಂಖ್ಯೆ ಸಿಗುತ್ತದೆ. ನನ್ನದಕ್ಕೆ ಸುಮಾರು 1,650 ಮೀಟರ್. ಈ ಅಳತೆ ನನಗೆ ಬಹಳ ಇಷ್ಟ, ದೂರದ ಒಂದು ತುಂಡು ನೆಲಕ್ಕೆ ಬೆಳದಿಂಗಳು ಒಯ್ದು ಕೊಡುವ ಲೆಕ್ಕ ಇದು. ಆದರೆ ಅಲ್ಲಿ ನಿಂತು ನೋಡುವವನ ಬೆಳದಿಂಗಳು ಬೇರೆ, ಇಲ್ಲಿ ನಿಂತು ನೋಡುವವನದು ಬೇರೆ. ಒಂದು ಕಿಲೋಮೀಟರ್ ಆಚೆ ನಿಂತ ಮನುಷ್ಯ ನಮ್ಮ ಕಣ್ಣಿಗೆ, ಒಂದು ಮೀಟರ್ ದೂರದಲ್ಲಿ ಎರಡು ಮಿಲಿಮೀಟರಿಗಿಂತ ಚಿಕ್ಕದಾದ ಒಂದು ಗೀಟು.

ಬಂಡೆ ಅಷ್ಟು ದೂರವಿರಲಿಲ್ಲ, ಅದರ ಮೇಲೆ ಹುಣ್ಣಿಮೆಯ ಏಳು ಪಟ್ಟು ಬೆಳಕು ಬಿದ್ದಿತ್ತು. ತೊಂದರೆ ಇದ್ದದ್ದು ನಡುವಿನ ಗಾಳಿಯಲ್ಲಿ. ಕೆರೆಯ ಮೇಲಿನ ಗಾಳಿಯಲ್ಲಿ ಹನಿ, ಧೂಳು, ಸಣ್ಣ ಹುಳ ಇದ್ದೇ ಇರುತ್ತವೆ. ಕಂಬ ನನ್ನ ಕಣ್ಣಿನ ಪಕ್ಕದಿಂದಲೇ ಹೊರಡುತ್ತದೆ, ನಾನು ಬಂಡೆಯನ್ನು ನೋಡುವ ಗೆರೆಯೂ ಆ ಕಂಬದ ಒಳಗೇ ಉದ್ದಕ್ಕೂ ಸಾಗುತ್ತದೆ. ಬೆಳಗಿದ ಒಂದೊಂದು ಕಣವೂ ಚೂರು ಬೆಳಕನ್ನು ನನ್ನ ಕಣ್ಣಿಗೆ ತಳ್ಳುತ್ತದೆ, ಮೊದಲ ಹತ್ತಿಪ್ಪತ್ತು ಮೀಟರಿನವು ಎಲ್ಲಕ್ಕಿಂತ ಜೋರಾಗಿ. ನಾನು ನೋಡುತ್ತಿದ್ದದ್ದು ಹೊಳೆಯುವ ಒಂದು ಪರದೆಯನ್ನು. ಮೂವತ್ತು ಹೆಜ್ಜೆ ಆಚೆ ನಿಂತವನ ಗೆರೆ ಕತ್ತಲ ಗಾಳಿಯಲ್ಲೇ ಸಾಗಿ, ಬಂಡೆಯ ಹತ್ತಿರ ಹೋಗಿ ಮಾತ್ರ ಕಂಬವನ್ನು ಸೇರುತ್ತದೆ. ಅವನು ಸುಳ್ಳು ಹೇಳಿರಲಿಲ್ಲ. ಮನಸ್ಸಿನಲ್ಲೇ ಅವನನ್ನು ಅನುಮಾನಿಸಿದ್ದಕ್ಕೆ ಅವತ್ತು ಫೋನ್ ಮಾಡಿ ಎಲ್ಲ ಹೇಳಿದೆ. ಅವನು "ಮತ್ತೆ ಹೋಗೋಣ ನಡಿ" ಅಂದ.

ಹೋಗುವ ಮುಂಚೆ ಟಾರ್ಚಿಗೆ ಇನ್ನೊಂದು ಭಾಗ ಬೇಕಿತ್ತು. ಕೊಳವೆಯ ಹೊಟ್ಟೆಗೆ ಒಂದು ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಅದಕ್ಕೆ ಕ್ಯಾಮೆರಾ ಸ್ಟ್ಯಾಂಡಿನ ಕಾಲಿಂಚು ಥ್ರೆಡ್ ಹಾಕಿದೆ, ಇಂಚಿಗೆ 20 ಸುತ್ತಿನದು. ಲೇತಿನ ಕೆಲಸವೂ ಅಲ್ಲ, ಟ್ಯಾಪ್ ಹಿಡಿದು ಕೈಯಲ್ಲೇ ಹತ್ತು ನಿಮಿಷ. ಇಷ್ಟು ವರ್ಷ ಬೆಳಕಿಗಾಗಿ ಕಡೆದ ಭಾಗಗಳ ನಡುವೆ, ಟಾರ್ಚನ್ನು ಕೈಯಿಂದ ಬಿಡುವುದಕ್ಕಾಗಿ ಮಾಡಿದ ಭಾಗ ಇದೊಂದೇ.

ಗಾಳಿ ಇಲ್ಲದ ರಾತ್ರಿ ನೋಡಿಕೊಂಡು ಹೋದೆವು. ಸ್ಟ್ಯಾಂಡ್ ನಿಲ್ಲಿಸಿ, ಮೇಲೆ ವಿಮಾನದ ದೀಪ ಯಾವುದೂ ಇಲ್ಲ ಅಂತ ಆಕಾಶ ನೋಡಿ, ಆಚೆ ದಂಡೆಯಲ್ಲಿ ಮನೆಯಾಗಲಿ ರಸ್ತೆಯಾಗಲಿ ಇಲ್ಲವೆಂದು ಹಗಲೇ ಖಚಿತ ಮಾಡಿಕೊಂಡಿದ್ದ ಕಡೆಗೆ ತಿರುಗಿಸಿ ಗುಂಡಿ ಒತ್ತಿದೆ. ಗೆಳೆಯ ಟಾರ್ಚಿನ ಹತ್ತಿರ ಉಳಿದ. ನಾನು ದಂಡೆಯ ಮೇಲೆ ಎಣಿಸಿಕೊಂಡು ನಡೆದೆ. ಹತ್ತು ಹೆಜ್ಜೆಗೆ ಕಂಬ ನನ್ನಿಂದ ಬೇರೆಯಾಯಿತು. ಇಪ್ಪತ್ತಕ್ಕೆ ಅದರ ತುದಿಯ ಮಸುಕಿಗೆ ಒಂದು ಅಂಚು ಮೂಡಿತು. ಮೂವತ್ತೈದಕ್ಕೆ ನಿಂತು ತಿರುಗಿದೆ.

ಬಂಡೆ ಇತ್ತು. ಎಂಟು ಮೀಟರ್ ಅಗಲದ ಒಂದು ಚೌಕದೊಳಗೆ, ತಿಳಿ ಬೂದು ಬಣ್ಣದಲ್ಲಿ, ನಡುವೆ ಮೇಲಿಂದ ಕೆಳಗೆ ಹರಿದ ಕಪ್ಪು ಸೀಳಿನೊಂದಿಗೆ. ಸೀಳಿನ ಬಾಯಲ್ಲಿ ಒಂದು ಗಿಡ ಇತ್ತು, ಅದರ ನೆರಳು ಬಂಡೆಯ ಮೇಲೆ ಎಲ್ಲಿಗೂ ಅಲುಗದೆ ನಿಂತಿತ್ತು. ಚೌಕದ ಅಂಚು ಗೆರೆ ಎಳೆದ ಹಾಗೆ. ಅದರಾಚೆ ಪೂರಾ ಕತ್ತಲು. ನಾನು ಉಜ್ಜಿದ ನೈಲಾನ್ ಬಳೆಯ ಚೌಕವೂ, ಆ ಒಂದು ಮಿಲಿಮೀಟರಿನ ಚೌಕವೂ ಅಲ್ಲಿ ಗುಡ್ಡದ ಬುಡದಲ್ಲಿ ನಿಂತಿರುವ ಹಾಗೆ ಕಂಡಿತು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

"ಸ್ವಲ್ಪ ಕೆಳಗೆ ಇಳಿಸ್ತೀನಿ" ಅಂತ ಗೆಳೆಯ ಕೂಗಿದ. ಚೌಕ ಬಂಡೆಯಿಂದ ಜಾರಿ ನೀರಿನ ಅಂಚಿಗೆ ಬಂತು, ಜೊಂಡಿನ ಮೇಲೆ ನಿಂತಿತು. ತಟ್ಟನೆ ಅವನ ದನಿ ಸಣ್ಣದಾಯಿತು. "ಲೋ, ಅಲ್ಲಿ ಎರಡು ಕಣ್ಣು. ಹಸಿರು. ನಮ್ಮನ್ನೇ ನೋಡ್ತಿದೆ."

ನಾನು ಜೊಂಡಿನ ಎಸಳು ಎಸಳನ್ನೂ ಹುಡುಕಿದೆ. ಜೊಂಡು ಚೆನ್ನಾಗಿ ಕಾಣುತ್ತಿತ್ತು, ಕಣ್ಣು ಎಲ್ಲೂ ಇಲ್ಲ. ಆಮೇಲೆ ಹೊಳೆಯಿತು. ರಾತ್ರಿ ಓಡಾಡುವ ಎಷ್ಟೋ ಪ್ರಾಣಿಗಳ ಕಣ್ಣಿನ ಹಿಂಪದರ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಆ ಹೊಳಪು ಟಾರ್ಚಿನ ಪಕ್ಕ ನಿಂತವನಿಗೆ ಮಾತ್ರ ಸಿಗುತ್ತದೆ. ನಡುವಿನ ಪರದೆಯನ್ನೂ ದಾಟಿ ಬರುವಷ್ಟು ಬಲ ಅದಕ್ಕಿರುತ್ತದೆ.

"ಇನ್ನೂ ಇದೆಯಾ?" ಅಂತ ಮೆಲ್ಲಗೆ ಕೇಳಿದೆ.

"ಇದೆ. ಬೇಗ ಬಾ."

ಹೆಜ್ಜೆ ಸಪ್ಪಳವಾಗದ ಹಾಗೆ ಅವನ ಕಡೆ ನಡೆದೆ. ಇನ್ನೂ ಹತ್ತು ಹೆಜ್ಜೆ ಇತ್ತು. ಪಾಪ, ಅದರ ಕಣ್ಣಿಗೆ ಇಷ್ಟು ಬೆಳಕು ಬಿಡಬಾರದು ಅನ್ನಿಸಿ, "ಆರಿಸ್ಬಿಡು" ಅಂದೆ. ಅವನು ಆರಿಸಿದ.